ಕಣ್ಣಿನ ಆಪರೇಷನ್ ಆದ ಮೇಲೆ ವಾಂತಿ ಆಗದ ಹಾಗೆ ನೋಡಿಕೊಳ್ಳುವುದು ಹೇಗೆ? ಹಿಂದಿನ ವಾರದಿಂದ ಮಾರನೇ ಬೆಳಗಿನವರೆಗೆ

ಮಗನಿಗೆ ಮೊದಲ ಸಲ ಮೆಳ್ಳೆಗಣ್ಣಿನ ಆಪರೇಷನ್ ಆದಾಗ ಅವನಿಗೆ ಏಳು ವರ್ಷ. ಆಪರೇಷನ್ ಚೆನ್ನಾಗೇ ಆಯಿತು. ಅದೇ ಸಂಜೆ ಮಂಗಳೂರು ಬಿಟ್ಟು ಸಕಲೇಶಪುರಕ್ಕೆ ಹೊರಟೆವು. ಉಪ್ಪಿನಂಗಡಿ ದಾಟುವಾಗ ಒಂದು ಸಲ ವಾಂತಿ, ಗುಂಡ್ಯದಲ್ಲಿ ಇನ್ನೊಂದು ಸಲ. ಶಿರಾಡಿ ಘಾಟಿ ಹತ್ತಿದ ಮೇಲೆ ಲೆಕ್ಕ ಇಡುವುದನ್ನೇ ಬಿಟ್ಟೆ. ಕೊನೆಗೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ನೀರು ಬರುತ್ತಿತ್ತು. ಮಗು ಒಂದು ಕೈಯಲ್ಲಿ ಕಣ್ಣಿನ ಪ್ಯಾಡ್ ಹಿಡಿದುಕೊಂಡು, ಇನ್ನೊಂದರಲ್ಲಿ ನನ್ನ ಸೆರಗು ಹಿಡಿದುಕೊಂಡು ಅಳುತ್ತಿದ್ದ.

ಹನ್ನೊಂದು ತಿಂಗಳಾದ ಮೇಲೆ ಇನ್ನೊಂದು ಸಲ ಆಪರೇಷನ್ ಆಗಬೇಕಾಯಿತು. ಅಷ್ಟರಲ್ಲಿ ನಾನು ಸಾಕಷ್ಟು ಓದಿದ್ದೆ, ಡಾಕ್ಟರುಗಳ ತಲೆ ತಿಂದಿದ್ದೆ. ಎರಡನೇ ಸಲ ಒಂದೇ ವಾಂತಿ. ಅದೂ ಮಾರನೇ ದಿನ, ಟೂತ್‌ಪೇಸ್ಟ್ ವಾಸನೆಗೆ. ಎರಡೂ ಸಲ ಕಣ್ಣು ಅದೇ, ಮಗು ಅದೇ. ಬದಲಾಗಿದ್ದು ನಾವು ಮೊದಲೇ ಕೇಳಿದ ನಾಲ್ಕು ಪ್ರಶ್ನೆ, ಆಮೇಲೆ ತಿನ್ನಿಸಲು ಅವಸರ ಮಾಡದೆ ಇದ್ದದ್ದು.

ಔಷಧಿಗಳ ಹೆಸರು, ಅಳತೆ ಬರೆದಿರುವುದು ನೀವು ಡಾಕ್ಟರ್ ಹತ್ತಿರ ಮಾತಾಡುವಾಗ ಅರ್ಥ ಆಗಲಿ ಅಂತ. ಮನೆಯಲ್ಲಿ ನೀವೇ ಲೆಕ್ಕ ಹಾಕಿ ಕೊಡಲಿಕ್ಕಲ್ಲ.

ಕಣ್ಣಿಗೂ ಹೊಟ್ಟೆಗೂ ಏನು ಸಂಬಂಧ?

ಇದು ನಮ್ಮ ಅತ್ತೆ ಕೇಳಿದ ಪ್ರಶ್ನೆ. "ಕೊಯ್ದಿದ್ದು ಕಣ್ಣು, ಕೆಟ್ಟಿದ್ದು ಹೊಟ್ಟೆ, ಇದ್ಯಾವ ನ್ಯಾಯ?"

ಸಂಬಂಧ ನರದ್ದು. ಒಂದೊಂದು ಕಣ್ಣನ್ನೂ ಆಡಿಸಲು ಆರು ಸ್ನಾಯುಗಳಿವೆ. ಮೆಳ್ಳೆಗಣ್ಣು ಸರಿ ಮಾಡುವಾಗ ಸರ್ಜನ್ ಆ ಸ್ನಾಯುವನ್ನು ಸಣ್ಣ ಕೊಕ್ಕೆಯಲ್ಲಿ ಎಳೆದು ಹಿಡಿದು, ಬಿಡಿಸಿ, ಸ್ವಲ್ಪ ಆಚೀಚೆ ಹೊಲಿಯುತ್ತಾರೆ. ಎಳೆದ ಸುದ್ದಿ ಟ್ರೈಜೆಮಿನಲ್ ಎಂಬ ನರ ಹಿಡಿದು ಮಿದುಳಿನ ಬುಡಕ್ಕೆ ಹೋಗುತ್ತದೆ. ಅಲ್ಲಿಂದ ವೇಗಸ್ ನರ ಹಿಡಿದು ಕೆಳಗಿಳಿಯುತ್ತದೆ. ಎದೆಬಡಿತ ಇದ್ದಕ್ಕಿದ್ದಂತೆ ನಿಧಾನ ಆಗುತ್ತದೆ. ಸರ್ಜನ್ ಎಳೆಯುವುದು ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಸರಿಹೋಗುತ್ತದೆ. 1908ರಲ್ಲೇ ಆಶ್ನರ್, ದಾನ್ಯೀನಿ ಎಂಬ ಇಬ್ಬರು ಡಾಕ್ಟರುಗಳು, ಒಬ್ಬರಿಗೊಬ್ಬರು ಸಂಬಂಧ ಇಲ್ಲದೆ, ಕಣ್ಣು ಒತ್ತಿದರೆ ನಾಡಿ ಇಳಿಯುತ್ತದೆ ಅಂತ ಬರೆದಿಟ್ಟಿದ್ದರು. ಅದೇ ವೇಗಸ್ ನರ ಹೊಟ್ಟೆಗೂ ಹೋಗುತ್ತದೆ. ವಾಂತಿ ಮಾಡಿಸುವ ಜಾಗವೂ ಮಿದುಳಿನ ಅದೇ ಮೂಲೆಯಲ್ಲಿದೆ. ಅದರ ಮೇಲೆ ಅರಿವಳಿಕೆಯ ಅನಿಲ, ನೋವಿನ ಇಂಜೆಕ್ಷನ್. ಎಚ್ಚರ ಆದ ಮೇಲೆ ನೋಟವೂ ಬೇರೆ: ಕಣ್ಣು ಹೊಸ ಜಾಗಕ್ಕೆ ತಿರುಗಿರುತ್ತದೆ, ಕೆಲವರಿಗೆ ಎರಡೆರಡು ಕಾಣುತ್ತದೆ. ಹಡಗಿನಲ್ಲಿ ಕೂತವರ ಹಾಗೆ ತಲೆ ಗಿರ್ರೆನ್ನುತ್ತದೆ.

ಎಲ್ಲ ಆಪರೇಷನ್‌ಗೂ ಇಷ್ಟು ಹೆದರಬೇಕಾಗಿಲ್ಲ. ಬರೀ ಡ್ರಾಪ್ಸ್ ಹಾಕಿ ಮಾಡುವ ಪೊರೆ ಆಪರೇಷನ್‌ನಲ್ಲಿ ವಾಂತಿ ಅಪರೂಪ. ಜಾಸ್ತಿ ಕಾಡುವುದು ಮೆಳ್ಳೆಗಣ್ಣಿನದ್ದು, ಅದರಲ್ಲೂ ಮಕ್ಕಳಿಗೆ. ಆಮೇಲೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ಕಳಚಿದ್ದಕ್ಕೆ ಮಾಡುವ ದೊಡ್ಡ ಆಪರೇಷನ್.

ಹಂತ 1: ನಿಮ್ಮ ಅಪಾಯ ಎಷ್ಟು, ನೀವೇ ಎಣಿಸಿಕೊಳ್ಳಿ

ಮಕ್ಕಳಿಗಾಗಿ ಜರ್ಮನಿಯ ಎಬರ್‌ಹಾರ್ಟ್ ಮತ್ತು ಅವರ ಜೊತೆಗಾರರು 2004ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ನಾಲ್ಕು ಪ್ರಶ್ನೆ, "ಹೌದು" ಅಂದರೆ ಒಂದೊಂದು ಅಂಕ:

- ಆಪರೇಷನ್ 30 ನಿಮಿಷ ಅಥವಾ ಜಾಸ್ತಿ ಹಿಡಿಯುತ್ತದಾ?
- ಮಗುವಿಗೆ 3 ವರ್ಷ ತುಂಬಿದೆಯಾ?
- ಮೆಳ್ಳೆಗಣ್ಣಿನ ಆಪರೇಷನ್ನಾ?
- ಮಗುವಿಗೆ, ಅಪ್ಪ ಅಮ್ಮನಿಗೆ ಅಥವಾ ಒಡಹುಟ್ಟಿದವರಿಗೆ ಹಿಂದೆ ಆಪರೇಷನ್ ಆದ ಮೇಲೆ ವಾಂತಿ ಆಗಿತ್ತಾ?

ಯಾವುದೂ ಇಲ್ಲದಿದ್ದರೆ ವಾಂತಿ ಆಗುವ ಸಾಧ್ಯತೆ ನೂರಕ್ಕೆ 9. ಒಂದಿದ್ದರೆ 10, ಎರಡಿದ್ದರೆ 30, ಮೂರಿದ್ದರೆ 55, ನಾಲ್ಕೂ ಇದ್ದರೆ 70. ನಮ್ಮ ಮಗನ ಲೆಕ್ಕ ಹಾಕಿದೆ. ಆಪರೇಷನ್ ಒಂದು ಗಂಟೆಯದ್ದು, ವಯಸ್ಸು ಏಳು, ಮೆಳ್ಳೆಗಣ್ಣು. ನನಗೆ ಪಿತ್ತಕೋಶ ತೆಗೆದಾಗ ಇಡೀ ರಾತ್ರಿ ವಾಂತಿ ಆಗಿತ್ತು. ನಾಲ್ಕಕ್ಕೆ ನಾಲ್ಕು! ಮೊದಲ ಸಲ ಯಾರೂ ನನ್ನ ಪಿತ್ತಕೋಶದ ಕಥೆ ಕೇಳಲಿಲ್ಲ. ಮಗನ ಕಣ್ಣಿಗೂ ಅದಕ್ಕೂ ಏನು ಅಂತ ನಾನೂ ಹೇಳಲಿಲ್ಲ.

ದೊಡ್ಡವರ ಲೆಕ್ಕ ಬೇರೆ. ಆಪ್‌ಫೆಲ್ ಎಂಬವರದ್ದು, 1999ರದ್ದು. ಹೆಂಗಸಾಗಿರುವುದು, ಬೀಡಿ ಸಿಗರೇಟು ಸೇದದೆ ಇರುವುದು, ಹಿಂದೆ ಆಪರೇಷನ್ ಆದಾಗ ವಾಂತಿ ಆಗಿರುವುದು ಅಥವಾ ಬಸ್ಸಿನಲ್ಲಿ ವಾಂತಿ ಆಗುವ ಸ್ವಭಾವ, ಆಪರೇಷನ್ ನಂತರ ಮಾರ್ಫಿನ್ ಜಾತಿಯ ನೋವಿನ ಔಷಧಿ. ಇಲ್ಲೂ ಒಂದೊಂದಕ್ಕೆ ಒಂದು ಅಂಕ. ಸೊನ್ನೆ ಅಂಕಕ್ಕೆ ಓಕರಿಕೆ ಅಥವಾ ವಾಂತಿಯ ಸಾಧ್ಯತೆ ಸುಮಾರು ನೂರಕ್ಕೆ 10, ಆಮೇಲೆ 20, 40, 60, 80. ಹೌದು, ಸೇದುವವರಿಗೆ ವಾಂತಿ ಕಡಿಮೆ. ನಮ್ಮ ಮಾವ ಇದನ್ನು ಕೇಳಿ ಬಹಳ ಖುಷಿಪಟ್ಟರು. ಅದಕ್ಕಂತ ಯಾರೂ ಹೊಸದಾಗಿ ಬೀಡಿ ಹಚ್ಚಬೇಡಿ, ಸೇದುವವರಿಗೆ ಅರಿವಳಿಕೆಯಲ್ಲಿ ಉಸಿರಾಟದ ತೊಂದರೆ ಜಾಸ್ತಿ.

ಹಂತ 2: ಅನಸ್ತೇಷಿಯಾ (ಅರಿವಳಿಕೆ) ಡಾಕ್ಟರ್ ಹತ್ತಿರ ಮಾತಾಡಿ

ಎಲ್ಲಕ್ಕಿಂತ ದೊಡ್ಡ ಹಂತ ಇದು, ಜನ ಬಿಟ್ಟುಬಿಡುವುದೂ ಇದನ್ನೇ. ನಾವು ಕಣ್ಣಿನ ಡಾಕ್ಟರ್ ಹತ್ತಿರ ಹತ್ತು ಸಲ ಹೋಗುತ್ತೇವೆ. ಅನಸ್ತೇಷಿಯಾದವರು ಸಿಗುವುದು ಐದೇ ನಿಮಿಷ. ವಾಂತಿ ತಡೆಯುವ ಕೀಲಿ ಇರುವುದು ಅವರ ಕೈಯಲ್ಲಿ. ಆ ಐದು ನಿಮಿಷಕ್ಕೆ ಚೀಟಿ ಬರೆದುಕೊಂಡು ಹೋಗಿ. ನಾನು ಎರಡನೇ ಸಲ ಕೇಳಿದ್ದು ಇಷ್ಟು.

"ವಾಂತಿ ತಡೆಯಲು ಮೊದಲೇ ಏನು ಕೊಡುತ್ತೀರಾ? ಒಂದಾ, ಎರಡಾ?" ವಾಂತಿ ಶುರುವಾದ ಮೇಲೆ ನಿಲ್ಲಿಸುವುದಕ್ಕಿಂತ ಬರುವ ಮೊದಲೇ ತಡೆಯುವುದು ಸುಲಭ. ಮಕ್ಕಳ ಮೆಳ್ಳೆಗಣ್ಣಿಗೆ ಎರಡು ಔಷಧಿ ಜೋಡಿಸುವುದು ಈಗ ಒಪ್ಪಿದ ಪದ್ಧತಿ. ಒಂದು ಡೆಕ್ಸಾಮೆಥಸೋನ್, ನಿದ್ದೆ ಬರಿಸಿದ ಕೂಡಲೇ ಕೊಡುವುದು. ಮಗುವಿನ ತೂಕಕ್ಕೆ ಕಿಲೋಗೆ 0.15 ಮಿಲಿಗ್ರಾಂ. ಇನ್ನೊಂದು ಆಂಡಾನ್ಸೆಟ್ರಾನ್, ಕಿಲೋಗೆ 0.1 ಮಿಲಿಗ್ರಾಂ, ಗರಿಷ್ಠ 4. ದೊಡ್ಡವರಿಗೆ ಅದನ್ನು ಹೆಚ್ಚಾಗಿ ಆಪರೇಷನ್ ಮುಗಿಯುವ ಹೊತ್ತಿಗೆ ಕೊಡುತ್ತಾರೆ. ಮೆಡಿಕಲ್ ಶಾಪ್‌ನಲ್ಲಿ ಎಮೆಸೆಟ್ ಅಂತ ಸಿಗುತ್ತದಲ್ಲ, ಅದರ ಒಳಗಿರುವುದು ಇದೇ. ಎರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ, ಹಾಗಾಗಿ ಒಂದಕ್ಕಿಂತ ಜೋಡಿ ಚೆನ್ನಾಗಿ ಹಿಡಿಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಡೆಕ್ಸಾಮೆಥಸೋನ್‌ನಿಂದ ಸಕ್ಕರೆ ಏರುತ್ತದೆ. ಹೃದಯದ ಬಡಿತದ ತೊಂದರೆ ಇದ್ದರೆ ಅದನ್ನೂ ಹೇಳಿ, ಆಂಡಾನ್ಸೆಟ್ರಾನ್ ಕೊಡುವ ಮೊದಲು ಅವರು ಇಸಿಜಿ ನೋಡಬಹುದು. ವಾಂತಿಗೆ ಕೊಡುವ ಇನ್ನೊಂದು ಔಷಧಿ ಪೆರಿನಾರ್ಮ್, ಅಂದರೆ ಮೆಟೊಕ್ಲೊಪ್ರಮೈಡ್, ಪಾರ್ಕಿನ್ಸನ್ ಕಾಯಿಲೆ ಇರುವ ಹಿರಿಯರಿಗೆ ಆಗಿಬರುವುದಿಲ್ಲ.

"ಅನಿಲದ ಬದಲು ಪ್ರೊಪೊಫೋಲ್‌ನಲ್ಲಿ ಮಾಡಲು ಆಗುತ್ತದಾ?" ಇದು ನರಕ್ಕೆ ಹಾಕುವ, ಹಾಲಿನ ಹಾಗೆ ಬೆಳ್ಳಗಿರುವ ಔಷಧಿ. ಸೆವೊಫ್ಲುರೇನ್, ನೈಟ್ರಸ್ ಆಕ್ಸೈಡ್ ಥರದ ಅನಿಲಗಳಿಂದ ವಾಂತಿ ಜಾಸ್ತಿ, ಪ್ರೊಪೊಫೋಲ್‌ನಿಂದ ಕಡಿಮೆ. ಎಲ್ಲ ಕಡೆಯೂ ಆಗುವುದಿಲ್ಲ. ಆದರೆ ಕೇಳಿದರೆ ಅವರಿಗೂ "ಇವರ ಮನೆಯಲ್ಲಿ ವಾಂತಿಯ ಭಯ ಇದೆ" ಅಂತ ನೆನಪಿರುತ್ತದೆ.

"ನೋವಿಗೆ ಏನು ಕೊಡುತ್ತೀರಾ?" ಟ್ರಮಡಾಲ್, ಮಾರ್ಫಿನ್ ಜಾತಿಯ ಔಷಧಿಗಳು ಹೊಟ್ಟೆ ತೊಳಸುವುದಕ್ಕೆ ಹೆಸರುವಾಸಿ. ಪ್ಯಾರಸಿಟಮಾಲ್ ಜೊತೆಗೆ, ಕಣ್ಣಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಇವುಗಳ ಅಗತ್ಯವೇ ಕಡಿಮೆ ಆಗುತ್ತದೆ. ಆ ಇಂಜೆಕ್ಷನ್‌ಗೆ ಇನ್ನೊಂದು ಲಾಭವೂ ಉಂಟು: ಸ್ನಾಯು ಎಳೆದ ಸುದ್ದಿ ಮಿದುಳಿಗೆ ಹೋಗುವ ದಾರಿಯನ್ನೇ ಅದು ಕಟ್ಟುತ್ತದೆ. ಹಾಗಂತ ನೋವು ಸಹಿಸಿಕೊಂಡು ಕೂರುವುದೂ ಬೇಡ, ನೋವಿನಿಂದಲೂ ವಾಂತಿ ಬರುತ್ತದೆ.

ನಾಲ್ಕನೆಯದು: "ಡ್ರಿಪ್ಸ್ ಸ್ವಲ್ಪ ಧಾರಾಳವಾಗಿ ಹಾಕಬಹುದಾ?" ಹೊಟ್ಟೆ ಖಾಲಿ ಇಟ್ಟು ಒಣಗಿದ ಮಗುವಿಗಿಂತ ಮೈಯಲ್ಲಿ ನೀರು ಇರುವ ಮಗುವಿಗೆ ವಾಂತಿ ಕಡಿಮೆ. ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ತೂಕ ಇಳಿಸಲು ಅಥವಾ ಸಕ್ಕರೆಗೆ ಸೆಮಾಗ್ಲುಟೈಡ್ ಥರದ ಇಂಜೆಕ್ಷನ್, ಮಾತ್ರೆ ತೆಗೆದುಕೊಳ್ಳುವ ದೊಡ್ಡವರು ಅದನ್ನು ಮುಚ್ಚಿಡಬೇಡಿ. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ರಾತ್ರಿ ಉಂಡ ಅನ್ನ ಬೆಳಿಗ್ಗೆಯೂ ಹೊಟ್ಟೆಯಲ್ಲೇ ಇರಬಹುದು.

ಹಂತ 3: ಉಪವಾಸ ಮಾಡಿಸಿ, ಬಾಯಾರಿಸಬೇಡಿ

"ರಾತ್ರಿ ಹನ್ನೆರಡರ ಮೇಲೆ ಒಂದು ತೊಟ್ಟು ನೀರೂ ಬೇಡ" ಅನ್ನುವುದು ಹಳೇ ಕಾಲದ ಮಾತು. ಈಗಿನ ಸಾಮಾನ್ಯ ನಿಯಮ ಹೀಗಿದೆ: ತಿಂಡಿ, ಹಸುವಿನ ಹಾಲು 6 ಗಂಟೆ ಮೊದಲು ನಿಲ್ಲಿಸಬೇಕು. ಎದೆಹಾಲು 4 ಗಂಟೆ. ತಿಳಿ ನೀರು 2 ಗಂಟೆ. ಮಕ್ಕಳಿಗೆ 1 ಗಂಟೆ ಮೊದಲಿನವರೆಗೂ ನೀರು ಕೊಡುವ ಆಸ್ಪತ್ರೆಗಳಿವೆ. ಪೂರಿ, ಬೋಂಡಾ, ಬಿರಿಯಾನಿ ತಿಂದರೆ 8 ಗಂಟೆ ಅಂತ ಲೆಕ್ಕ ಹಿಡಿಯಿರಿ. ಹಿಂದಿನ ರಾತ್ರಿ ಅನ್ನ ತಿಳಿಸಾರು ಸಾಕು.

ತಿಳಿ ನೀರು ಅಂದರೆ ಲೋಟದ ಹಿಂದೆ ಬೆರಳಿಟ್ಟರೆ ಕಾಣಬೇಕು. ನೀರು, ಸಕ್ಕರೆ ನೀರು, ಹಾಲಿಲ್ಲದ ಚಹಾ ಆಗುತ್ತದೆ. ಮಜ್ಜಿಗೆ, ಗಂಜಿ, ಹಾಲು ಹಾಕಿದ ಕಾಫಿ ಆಗುವುದಿಲ್ಲ. ಎಳನೀರನ್ನು ಕೆಲವು ಕಡೆ ಒಪ್ಪುತ್ತಾರೆ, ಕೇಳಿಕೊಳ್ಳಿ. ನಿಮ್ಮ ಆಸ್ಪತ್ರೆ ಏನು ಹೇಳುತ್ತದೋ ಅದೇ ಕೊನೆ ಮಾತು.

ಮೊದಲ ಸಲ ನಮ್ಮ ಸರದಿ ಹನ್ನೊಂದಕ್ಕೆ ಅಂದವರು ಒಳಗೆ ಕರೆದಿದ್ದು ಎರಡೂವರೆಗೆ. ಅಲ್ಲಿಯವರೆಗೆ ಹುಡುಗ ಹಿಂದಿನ ರಾತ್ರಿಯಿಂದ ನೀರೂ ಕುಡಿಯದೆ ಕೂತಿದ್ದ. ಎರಡನೇ ಸಲ ನಾನು ಗಂಟೆಗೊಮ್ಮೆ ಸಿಸ್ಟರ್ ಹತ್ತಿರ ಹೋಗಿ "ಇನ್ನೂ ತಡ ಇದ್ದರೆ ನೀರು ಕೊಡಬಹುದಾ?" ಅಂತ ಕೇಳಿದೆ. ಎರಡು ಸಲ "ಕೊಡಿ" ಅಂದರು. ಕೇಳದಿದ್ದರೆ ಯಾರೂ ಹೇಳುತ್ತಿರಲಿಲ್ಲ.

ಹಂತ 4: ಎಚ್ಚರ ಆದ ಮೇಲೆ ಪ್ರೀತಿ ತೋರಿಸಬೇಡಿ!

ತಮಾಷೆಯಲ್ಲ. ನಮ್ಮ ಕಡೆ ಪ್ರೀತಿ ಅಂದರೆ ತಿನ್ನಿಸುವುದು. ಮಗು ಕಣ್ಣು ಬಿಟ್ಟ ಕೂಡಲೇ "ಪಾಪ, ನಿನ್ನೆಯಿಂದ ಏನೂ ತಿಂದಿಲ್ಲ" ಅಂತ ಒಬ್ಬರು ಹಾಲು, ಇನ್ನೊಬ್ಬರು ಬ್ರೆಡ್, ಮತ್ತೊಬ್ಬರು ಇಡ್ಲಿ ಹಿಡಿದುಕೊಂಡು ನಿಲ್ಲುತ್ತಾರೆ. ಮೊದಲ ಸಲ ನಾನೇ ಅರ್ಧ ಲೋಟ ಬೂಸ್ಟ್ ಕುಡಿಸಿದ್ದೆ. ಹತ್ತೇ ನಿಮಿಷ, ಪೂರ್ತಿ ಹೊರಗೆ.

ಮಗು ತಾನಾಗಿ ಕೇಳುವವರೆಗೂ ಏನೂ ಕೊಡಬೇಡಿ. ಡಿಸ್ಚಾರ್ಜ್ ಆಗಬೇಕಾದರೆ ಏನಾದರೂ ಕುಡಿದು ತೋರಿಸಲೇಬೇಕು ಅಂತ ಕೆಲವು ಕಡೆ ಒತ್ತಾಯ ಮಾಡುತ್ತಿದ್ದರು. ಒತ್ತಾಯದಿಂದ ಕುಡಿಸಿದ ಮಕ್ಕಳೇ ಜಾಸ್ತಿ ವಾಂತಿ ಮಾಡುತ್ತಾರೆ ಅಂತ ಗೊತ್ತಾದ ಮೇಲೆ ಆ ಪದ್ಧತಿ ಕಡಿಮೆಯಾಗಿದೆ. ಡ್ರಿಪ್ಸ್ ಹಾಕಿರುವಾಗ ಒಂದೆರಡು ಗಂಟೆ ಕುಡಿಯದಿದ್ದರೆ ಏನೂ ಆಗುವುದಿಲ್ಲ.

ಕೇಳಿದಾಗ ಮೊದಲು ನೀರು. ಲೋಟದಲ್ಲಿ ಬೇಡ, ಟೀ ಚಮಚದಲ್ಲಿ. ಎರಡು ಚಮಚ, ಹತ್ತು ನಿಮಿಷ ಬಿಟ್ಟು ಮತ್ತೆ ಎರಡು. ಅರ್ಧ ಗಂಟೆ ಹೊಟ್ಟೆ ಸುಮ್ಮನಿದ್ದರೆ ನಾಲ್ಕು ಗುಟುಕು ಎಳನೀರು ಅಥವಾ ಉಪ್ಪು ಸಕ್ಕರೆ ಹಾಕಿದ ನೀರು. ಆಮೇಲೆ ಒಣಗಿದ್ದು ಏನಾದರೂ: ಒಂದು ರಸ್ಕ್, ಒಂದು ಹಿಡಿ ಮಂಡಕ್ಕಿ. ರಾತ್ರಿಗೆ ತಿಳಿ ಗಂಜಿ. ಹಾಲು, ಐಸ್‌ಕ್ರೀಂ, ಚಾಕಲೇಟು, ಕರಿದಿದ್ದು ಮಾರನೇ ದಿನಕ್ಕೆ ಇರಲಿ.

ತಲೆ ಅಲ್ಲಾಡಿಸಬೇಡಿ. ದಿಂಬು ಸ್ವಲ್ಪ ಎತ್ತರ ಇರಲಿ. ಇದ್ದಕ್ಕಿದ್ದಂತೆ ಎಬ್ಬಿಸಿ ಕೂರಿಸಬೇಡಿ. ಎತ್ತಿಕೊಂಡು ಓಡಾಡುವುದು, ತೊಡೆ ಮೇಲೆ ತೂಗುವುದು ಬೇಡ. ಕರ್ಟನ್ ಎಳೆಯಿರಿ, ಮೊಬೈಲ್ ಕೊಡಬೇಡಿ. ನೋಡಲು ಬಂದ ನೆಂಟರ ಮಲ್ಲಿಗೆ ಹೂವು, ಸೆಂಟು, ಕ್ಯಾಂಟೀನ್ ಸಾಂಬಾರಿನ ವಾಸನೆ, ಇವೆಲ್ಲ ಹೊರಗೇ ಇರಲಿ. ಬಾಯಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅರ್ಧ ಹಿತ ಅಲ್ಲೇ ಸಿಗುತ್ತದೆ.

ಹೊಟ್ಟೆ ತೊಳಸಲು ಶುರುವಾದರೆ ಎರಡು ಸಣ್ಣ ಉಪಾಯ. ಮೊದಲನೆಯದು ಮಣಿಕಟ್ಟಿನದ್ದು. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಗಲ ಬಿಡಿ. ಬೆರಳು ಮಗುವಿನದ್ದೇ ಆಗಿರಬೇಕು, ನಿಮ್ಮದಲ್ಲ. ಅಲ್ಲಿ ಎರಡು ಹುರಿಗಳ ನಡುವೆ ಹೆಬ್ಬೆರಳಿನಿಂದ ಹದವಾಗಿ ಎರಡು ಮೂರು ನಿಮಿಷ ಒತ್ತಿ. ಚೀನಾದ ಈ ಹಳೇ ಪದ್ಧತಿಯನ್ನು ಆಪರೇಷನ್ ಆದವರ ಮೇಲೆ ಬಹಳ ಸಲ ಪರೀಕ್ಷೆ ಮಾಡಿದ್ದಾರೆ, ಫಲ ಇದೆ. ಆಪರೇಷನ್‌ಗೆ ಮೊದಲೇ ಒತ್ತುಪಟ್ಟಿ ಕಟ್ಟುವವರೂ ಇದ್ದಾರೆ. ಎರಡನೆಯದು, ಇಂಜೆಕ್ಷನ್ ಕೊಡುವಾಗ ಒರೆಸುವ ಸ್ಪಿರಿಟ್ ಹತ್ತಿ. ದೊಡ್ಡವರು, ದೊಡ್ಡ ಮಕ್ಕಳು ಅದನ್ನು ಮೂಗಿನ ಹತ್ತಿರ ಹಿಡಿದು ಮೂರು ಸಲ ನಿಧಾನವಾಗಿ ಉಸಿರೆಳೆದರೆ ಸ್ವಲ್ಪ ಹೊತ್ತು ಹಿಡಿತ ಸಿಗುತ್ತದೆ. ಕಣ್ಣಿಗೆ ತಾಗಿಸಬೇಡಿ. ಸಿಸ್ಟರ್‌ನ ಕೇಳಿದರೆ ಕೊಡುತ್ತಾರೆ.

ಹಂತ 5: ಮನೆಯ ದಾರಿ

ಸಾಧ್ಯವಿದ್ದರೆ ಘಾಟಿ ದಾಟಬೇಡಿ. ಎರಡನೇ ಸಲ ನಾವು ಮಂಗಳೂರಿನಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆವು. ಹೊರಡಲೇಬೇಕಾದರೆ ವಾಂತಿ ತಡೆಯುವ ಔಷಧಿಯ ಮುಂದಿನ ಡೋಸ್ ಯಾವಾಗ ಅಂತ ಕೇಳಿಕೊಂಡು ಹೊರಡಿ. ಕಾರಿನ ಸುವಾಸನೆ ಡಬ್ಬಿ ತೆಗೆದುಬಿಡಿ. ಮಗುವಿನ ಕಣ್ಣು ಮುಚ್ಚಿರಲಿ, ತಲೆಯ ಎರಡೂ ಕಡೆ ದಿಂಬು ಇರಲಿ. ಹಂಪ್ ಕಂಡರೆ ನಿಧಾನ ಮಾಡಲು ಡ್ರೈವರ್‌ಗೆ ಮೊದಲೇ ಹೇಳಿ. ಬಸ್ಸಾದರೆ ಹಿಂದಿನ ಸೀಟು ಖಂಡಿತ ಬೇಡ.

ರೆಟಿನಾ ಆಪರೇಷನ್ ಆದವರಿಗೆ ಇಲ್ಲೊಂದು ಗಂಭೀರ ಮಾತು. ಕೆಲವರ ಕಣ್ಣಿನೊಳಗೆ ಗ್ಯಾಸ್ ತುಂಬಿಸಿ ಕಳಿಸುತ್ತಾರೆ. ಎತ್ತರಕ್ಕೆ ಹೋದ ಹಾಗೆ ಆ ಗುಳ್ಳೆ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರುತ್ತದೆ, ನೋವು ವಾಂತಿ ಎರಡೂ ಬರಬಹುದು, ದೃಷ್ಟಿಯೇ ಹೋಗಬಹುದು. ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ಘಾಟಿಯ ವಿಷಯ ನಾವೇ ಕೇಳಬೇಕು. ಮಂಗಳೂರು ಸಮುದ್ರದ ಮಟ್ಟ, ಸಕಲೇಶಪುರ 900 ಮೀಟರ್‌ಗೂ ಮೇಲೆ, ಮಡಿಕೇರಿ ಇನ್ನೂ ಎತ್ತರ. ಗ್ಯಾಸ್ ಕರಗಲು ಬಳಸಿದ ಅನಿಲದ ಮೇಲೆ ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಬೇರೆ ಯಾವ ಆಪರೇಷನ್ ಬಂದರೂ "ಕಣ್ಣಲ್ಲಿ ಗ್ಯಾಸ್ ಇದೆ, ನೈಟ್ರಸ್ ಆಕ್ಸೈಡ್ ಬೇಡ" ಅಂತ ಹೇಳಲೇಬೇಕು.

ಹಂತ 6: ಆದರೂ ವಾಂತಿ ಬಂದರೆ

ಗಾಬರಿ ಬೇಡ. ಕೂರಿಸಿ. ತಲೆಯನ್ನು ಮೊಣಕಾಲಿನ ಕೆಳಗೆ ಬಗ್ಗಿಸಬೇಡಿ, ಬೋಗುಣಿಯನ್ನೇ ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಹಣೆಗೆ ಕೈ ಕೊಡಿ, ಕಣ್ಣಿಗೆ ಕೈ ತಾಗದ ಹಾಗೆ. ಬಾಯಿ ಬಿಗಿಹಿಡಿದು ತಡೆಯಲು ಹೇಳಬೇಡಿ, ತಿಣುಕಿದರೆ ಕಣ್ಣಿನ ಒತ್ತಡ ಏರುತ್ತದೆ. ಪ್ಯಾಡ್‌ಗೆ ವಾಂತಿ ಸಿಡಿದರೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ ಬದಲಾಯಿಸಿ. ಒದ್ದೆ ಪ್ಯಾಡ್ ಹಾಗೇ ಬಿಡಬೇಡಿ.

ಆಮೇಲೆ ಅರ್ಧ ಗಂಟೆ ಹೊಟ್ಟೆಗೆ ರಜೆ. ಮತ್ತೆ ಚಮಚದಿಂದ ಶುರು. ಆಂಡಾನ್ಸೆಟ್ರಾನ್ ಸಿರಪ್ ಅಥವಾ ನಾಲಿಗೆ ಮೇಲೆ ಕರಗುವ ಮಾತ್ರೆಯನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ರಾತ್ರಿ ಹತ್ತಕ್ಕೆ ಮೆಡಿಕಲ್ ಹುಡುಕಿಕೊಂಡು ಅಲೆಯುವುದು ಯಾರಿಗೆ ಬೇಕು? "ಕೊಟ್ಟ ಔಷಧಿಯನ್ನೇ ವಾಂತಿ ಮಾಡಿದರೆ ಮತ್ತೆ ಕೊಡಬೇಕಾ?" ಅಂತ ಅಲ್ಲೇ ಕೇಳಿಕೊಂಡು ಬನ್ನಿ.

ಪೊರೆ ಆಪರೇಷನ್ ಆದ ಹಿರಿಯರಿಗೆ

ನಮ್ಮ ಮಾವನಿಗೆ ಪೊರೆ ತೆಗೆದ ಸಂಜೆ ಡಯಾಮಾಕ್ಸ್ ಮಾತ್ರೆ ಕೊಟ್ಟಿದ್ದರು. ಕಣ್ಣಿನ ಒತ್ತಡ ಇಳಿಸಲು ಕೊಡುವುದು. ಖಾಲಿ ಹೊಟ್ಟೆಗೆ ನುಂಗಿದರು. ರಾತ್ರಿ ಓಕರಿಕೆ, ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ಪಾರ್ಶ್ವವಾಯು ಅಂತ ಮನೆಯವರೆಲ್ಲ ಎದ್ದು ಕೂತೆವು. ಫೋನ್ ಮಾಡಿದರೆ ಅದು ಆ ಮಾತ್ರೆಯದ್ದೇ ಗುಣ ಅಂದರು. ಆಮೇಲಿನ ಡೋಸನ್ನು ಊಟದ ಜೊತೆ ಕೊಟ್ಟೆವು, ತಡೆದುಕೊಂಡರು. ಸಲ್ಫಾ ಅಲರ್ಜಿ ಇದ್ದರೆ ಈ ಮಾತ್ರೆಯ ಮೊದಲೇ ಹೇಳಬೇಕು. ಇನ್ನೊಂದು: ಸಕ್ಕರೆ ಕಾಯಿಲೆಯವರು ಬೇಡದ ಉಪವಾಸ ಮಾಡಿದರೂ ಸಕ್ಕರೆ ಇಳಿದು ಹೊಟ್ಟೆ ತೊಳಸುತ್ತದೆ. ಡ್ರಾಪ್ಸ್ ಹಾಕಿ ಮಾಡುವ ಆಪರೇಷನ್ನಾದರೆ ಬೆಳಗಿನ ತಿಂಡಿ ತಿನ್ನಬಹುದಾ ಅಂತ ಕೇಳಿ, ಬಹಳ ಕಡೆ ತಿನ್ನಬಹುದು ಅನ್ನುತ್ತಾರೆ.

ಇದನ್ನು ಪಿತ್ತ ಅನ್ನಬೇಡಿ

ನಮ್ಮ ಮನೆಗಳಲ್ಲಿ ವಾಂತಿ ಅಂದರೆ "ಪಿತ್ತ ಕೆದರಿದೆ" ಅಂತ ಶುಂಠಿ ಕಷಾಯ, ನಿಂಬೆರಸ ಕೊಟ್ಟು ಮಲಗಿಸುವ ಅಭ್ಯಾಸ. ಕಣ್ಣಿನ ಆಪರೇಷನ್ ಆದವರಲ್ಲಿ ಇದು ಅಪಾಯ. ವಾಂತಿಯ ಜೊತೆ ಕಣ್ಣು ಸಿಡಿಯುವ ಹಾಗೆ ನೋವು, ಅದೇ ಬದಿಯ ತಲೆನೋವು, ನೋಟ ಮಂಜಾಗುವುದು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಪ್ಯಾರಸಿಟಮಾಲ್‌ಗೂ ಬಗ್ಗದ ನೋವು: ಇವು ಕಣ್ಣಿನೊಳಗೆ ಒತ್ತಡ ಏರಿದ ಗುರುತು. ಅಲ್ಲಿ ವಾಂತಿ ಕಾಯಿಲೆ ಅಲ್ಲ, ಕಣ್ಣು ಕೂಗುತ್ತಿರುವುದು. ಬೆಳಗಾಗಲಿ ಅಂತ ಕಾಯದೆ ಆಗಲೇ ಹೋಗಬೇಕು. ವಾಂತಿ ಜೋರಾಗಿ ಬಂದ ಕೂಡಲೇ ನೋಟ ಕಡಿಮೆಯಾದರೂ ಅಷ್ಟೇ ಅವಸರ.

ಮಕ್ಕಳು ನಾಲ್ಕೈದು ಸಲಕ್ಕಿಂತ ಜಾಸ್ತಿ ವಾಂತಿ ಮಾಡಿದರೆ, ಎಂಟು ಗಂಟೆ ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಕರೆದುಕೊಂಡು ಹೋಗಿ. ಮೆಳ್ಳೆಗಣ್ಣಿನ ಆಪರೇಷನ್ ಆದ ಮೇಲೆ ಕಣ್ಣೀರು ಸ್ವಲ್ಪ ಕೆಂಪಗೆ ಬರುವುದು ಮಾಮೂಲು, ಅದಕ್ಕೆ ಹೆದರಬೇಕಾಗಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಮಗ ರಾತ್ರಿ ಎಂಟಕ್ಕೆ ಅರ್ಧ ಬಟ್ಟಲು ಗಂಜಿ ಕುಡಿದು ಮಲಗಿದ. ಬೆಳಿಗ್ಗೆ ಹಲ್ಲುಜ್ಜುವಾಗ ಆ ಒಂದು ವಾಂತಿ. ಒಂಬತ್ತಕ್ಕೆ ಎರಡು ಇಡ್ಲಿ ತಿಂದು ಮೂರನೆಯದು ಕೇಳಿದ. ಕೊಡಲಿಲ್ಲ. ಹನ್ನೊಂದಕ್ಕೆ ಶಿರಾಡಿ ಹತ್ತಬೇಕಿತ್ತು.